ಕಟ್ಟಬಲ್ಲ ಕೋಚ್, ಉಳಿಯದ ಕಿರೀಟ

ಸಾವಳಗಿ, ಜಮಖಂಡಿ ಕಡೆ ಜಾತ್ರೆಯ ಕಬಡ್ಡಿ ನೋಡಿದವರಿಗೆ ಒಂದು ಲೆಕ್ಕ ಗೊತ್ತಿರುತ್ತದೆ. ಗಟ್ಟಿ ರೈಡರ್ ಒಬ್ಬ ಸಿಕ್ಕರೆ ಅರ್ಧ ಗೆದ್ದ ಹಾಗೆ. ಊರಲ್ಲಿ ಅಂಥವನಿಲ್ಲದಿದ್ದರೆ ಹೊರಗಿನಿಂದ ಕರೆಸಿಯಾದರೂ ಆಡಿಸುತ್ತಾರೆ. ಪ್ರೊ ಕಬಡ್ಡಿಯ ಹರಾಜಿನಲ್ಲಿ ಕೋಟಿ ಸುರಿಯುವವರ ಲೆಕ್ಕವೂ ಬಹುಪಾಲು ಇದೇ. ಕರ್ನಾಟಕದವರೇ ಆದ ಬಿ.ಸಿ. ರಮೇಶ್ ಅವರ ತರಬೇತಿಯನ್ನು ಈ ಲೆಕ್ಕದ ಎದುರಿಗಿಟ್ಟು ತೂಗಬೇಕು.

ರಮೇಶ್ 2001ರ ಅರ್ಜುನ ಪ್ರಶಸ್ತಿ ಪಡೆದವರು, 2002ರ ಬುಸಾನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು. ಆ ಪೀಳಿಗೆಯ ಕಬಡ್ಡಿಪಟುವಿಗೆ ಆಟದಿಂದ ಸಿಗುತ್ತಿದ್ದುದು ಹೆಚ್ಚೆಂದರೆ ಒಂದು ನೌಕರಿ. ಪ್ರೊ ಕಬಡ್ಡಿ ಶುರುವಾದದ್ದು 2014ರಲ್ಲಿ. ಹೀಗಾಗಿ ಲೀಗ್‌ನ ಹಣ, ಹೆಸರು, ಒತ್ತಡ ಇವೆಲ್ಲ ಅವರಿಗೆ ಎದುರಾದದ್ದು ಆಟಗಾರನಾಗಿ ಅಲ್ಲ, ಕೋಚ್ ಆಗಿ.

ಅವರ ಕೆಲಸದ ಉತ್ತಮ ಮಾದರಿ 2019ರ ಅಕ್ಟೋಬರ್ 19ರಂದು ಅಹಮದಾಬಾದ್‌ನಲ್ಲಿ ನಡೆದ ಪ್ರೊ ಕಬಡ್ಡಿ ಫೈನಲ್. ಅವರು ಕೋಚ್ ಆಗಿದ್ದ ಬೆಂಗಾಲ್ ವಾರಿಯರ್ಸ್‌ನ ನಾಯಕ, ಮುಖ್ಯ ರೈಡರ್ ಮಣಿಂದರ್ ಸಿಂಗ್ ಗಾಯಗೊಂಡು ಹೊರಗಿದ್ದರು. ಎದುರಾಳಿ ದಬಂಗ್ ದೆಹಲಿಯ ನವೀನ್ ಕುಮಾರ್ ಒಬ್ಬರೇ 18 ಪಾಯಿಂಟ್ ತಂದರು. ಆದರೂ ಬೆಂಗಾಲ್ 39-34ರಿಂದ ಗೆದ್ದಿತು. ಇರಾನಿನ ಮೊಹಮ್ಮದ್ ನಬಿಬಕ್ಷ್ 10 ಪಾಯಿಂಟ್ ತಂದರು, ಕರ್ನಾಟಕದ ಸುಕೇಶ್ ಹೆಗ್ಡೆ ಜೊತೆಗೂಡಿದರು, ಡಿಫೆನ್ಸ್ ತನ್ನ ಪಾಲು ಸೇರಿಸಿತು. ಪ್ರತಿ ರೈಡ್‌ಗೆ 30 ಸೆಕೆಂಡ್ ಇರುವ ಈ ಆಟದಲ್ಲಿ ಕೋಚ್‌ಗೆ ಸಮಾಧಾನವಾಗಿ ಮಾತಾಡಲು ಸಿಗುವುದು ಟೈಮ್‌ಔಟ್, ಮಧ್ಯಂತರದ ಗಳಿಗೆ ಮಾತ್ರ. ನಾಯಕನಿಲ್ಲದ ಆರೇಳು ಜನ ಆ ದಿನ ಗಲಿಬಿಲಿಗೊಳ್ಳಲಿಲ್ಲವೆಂದರೆ, ಯಾರು ಯಾವಾಗ ಏನು ಮಾಡಬೇಕೆಂಬುದು ಅವರಿಗೆ ಮೊದಲೇ ಮನದಟ್ಟಾಗಿತ್ತು ಎಂದೇ ಅರ್ಥ.

ಆಮೇಲೆ ಅವರು ಕೋಚ್ ಆದ ಪುಣೇರಿ ಪಲ್ಟನ್‌ನಲ್ಲಿ, ಒಬ್ಬನನ್ನೇ ನೆಚ್ಚದೆ ಎಲ್ಲರನ್ನೂ ಆಡಿಸುವ ಈ ಪದ್ಧತಿ ಇನ್ನಷ್ಟು ಹದಕ್ಕೆ ಬಂತು. 2022ರ ಫೈನಲ್‌ಗೆ ಪ್ರಮುಖ ರೈಡರ್‌ಗಳಾದ ಅಸ್ಲಂ ಇನಾಮದಾರ್, ಮೋಹಿತ್ ಗೋಯತ್ ಇಬ್ಬರೂ ಗಾಯದಿಂದ ಇಲ್ಲವಾದರು. ಜೈಪುರದ ಎದುರು 29-33ರ ಸೋಲು. ಎಲ್ಲರೂ ಆಡುವ ತಂಡಕ್ಕೂ ಒಂದು ಮಿತಿ ಇದೆಯೆಂದು ಆ ಸೋಲು ಹೇಳಿತು. 2024ರ ಮಾರ್ಚ್ 1ರಂದು ಹೈದರಾಬಾದ್‌ನಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ 28-25ರಿಂದ ಗೆದ್ದು ಲೆಕ್ಕ ಚುಕ್ತಾ ಮಾಡಿದರು. ಅದು ಅಬ್ಬರದ ಆಟವಲ್ಲ, ಪಾಯಿಂಟ್ ಬಿಟ್ಟುಕೊಡದ ಬಿಗಿ ಆಟ. ಹರಾಜಿನಲ್ಲಿ 2.35 ಕೋಟಿ ರೂಪಾಯಿಗೆ ಕೊಂಡ ಡಿಫೆಂಡರ್ ಶಾದ್ಲೂಯಿ ತಂಡದಲ್ಲಿದ್ದರೂ, ಅಂದು ಆಟ ತಿರುಗಿಸಿದ್ದು ಪಂಕಜ್ ಮೋಹಿತೆ ಅವರ ಸೂಪರ್ ರೈಡ್.

ಇಷ್ಟಕ್ಕೇ ನಿಲ್ಲಿಸಿದರೆ ಅದು ಹೊಗಳಿಕೆಯಾಗುತ್ತದೆ, ವಿಮರ್ಶೆಯಲ್ಲ. ಎರಡು ಸಲ ಕಪ್ ಎತ್ತಿದ ರಮೇಶ್ ಎರಡು ಸಲವೂ ಮುಂದಿನ ಆವೃತ್ತಿಯಲ್ಲಿ ಪ್ಲೇಆಫ್ ಮುಟ್ಟಲಿಲ್ಲ. ಎಂಟನೇ ಆವೃತ್ತಿಯ ಬೆಂಗಾಲ್ ಕಥೆಯಂತೂ ವಿಚಿತ್ರ. ಮಣಿಂದರ್ ಒಬ್ಬರೇ 250ಕ್ಕೂ ಹೆಚ್ಚು ರೈಡ್ ಪಾಯಿಂಟ್ ಗಳಿಸಿದರು, ತಂಡ ಕೆಳಗಿನ ಅರ್ಧದಲ್ಲೇ ಉಳಿಯಿತು. ಯಾವ ಒಂಟಿ ರೈಡರ್ ಆಟವನ್ನು ಅವರು ಫೈನಲ್‌ನಲ್ಲಿ ಮಣಿಸಿದ್ದರೋ, ಅದೇ ಆಟಕ್ಕೆ ಅವರ ತಂಡ ಜಾರಿತ್ತು. ಹನ್ನೊಂದನೇ ಆವೃತ್ತಿಯಲ್ಲಿ ಪುಣೆಗೆ ಅಸ್ಲಂ ಗಾಯದ ಪೆಟ್ಟು ಬಿತ್ತು, ಶಾದ್ಲೂಯಿ ಹರಿಯಾಣಕ್ಕೆ ಹೋಗಿದ್ದರು. ಗಾಯ, ಹರಾಜು ಕೋಚ್ ಕೈಲಿಲ್ಲ, ನಿಜ. ಆದರೆ ಗೆದ್ದ ತಂಡದ ಆಟವನ್ನು ಉಳಿದವರೆಲ್ಲ ಓದಿಕೊಂಡು ಬರುತ್ತಾರೆ. ಅಷ್ಟರಲ್ಲಿ ಅದನ್ನು ಬದಲಿಸುವ ಹೊಣೆ ಕೋಚ್‌ನದೇ. ಅಲ್ಲಿ ರಮೇಶ್ ಹಿಂದೆ ಬಿದ್ದಿದ್ದಾರೆ.

ಕೆಳಗೆ ಬಿದ್ದವರನ್ನು ಎತ್ತುವುದರಲ್ಲಿ ಮಾತ್ರ ಅವರ ಕೈ ಪಳಗಿದೆ. ಹನ್ನೊಂದನೇ ಆವೃತ್ತಿಯಲ್ಲಿ ಪ್ರದೀಪ್ ನರ್ವಾಲ್‌ರಂಥ ದೊಡ್ಡ ಹೆಸರಿದ್ದೂ ಕೊನೆಯ ಸ್ಥಾನಕ್ಕಿಳಿದಿದ್ದ ಬೆಂಗಳೂರು ಬುಲ್ಸ್, 2025ರಲ್ಲಿ ಅವರ ಕೈಗೆ ಬಂತು. ಅದೇ ವರ್ಷ ಪ್ಲೇಆಫ್ ತಲುಪಿತು.

ಹಾಗಾಗಿ ನನ್ನ ತೀರ್ಮಾನ ಇದು: ತಂಡ ಕಟ್ಟುವುದರಲ್ಲಿ ರಮೇಶ್ ಅವರಿಗೆ ಸಾಟಿಯಾಗುವವರು ಕಡಿಮೆ, ಗೆದ್ದದ್ದನ್ನು ಉಳಿಸಿಕೊಳ್ಳುವುದು ಅವರಿಗೆ ಇನ್ನೂ ದಕ್ಕಿಲ್ಲ. ನಮ್ಮ ಕಡೆಯ ಊರ ತಂಡಗಳಿಗೆ ಬೇಕಾಗಿರುವುದು ಅವರ ಮೊದಲ ಗುಣವೇ. ಹೊರಗಿನ ರೈಡರ್‌ಗೆ ಕೊಡುವ ಹಣದಲ್ಲಿ ನಾಲ್ಕು ಕಾಲ ಊರ ಹುಡುಗರಿಗೇ ಕಾರ್ನರ್, ಕವರ್ ಜಾಗಗಳ ಡಿಫೆನ್ಸ್ ಕಲಿಸುವ ಒಬ್ಬ ಕೋಚ್ ಇಟ್ಟರೆ, ಆತ ಬಿಟ್ಟು ಹೋದ ಮೇಲೂ ತಂಡ ಊರಲ್ಲೇ ಇರುತ್ತದೆ.