ಸಾಮಾನ್ಯ ಕಾರ್ಡಿನ ಪಕ್ಷದಲ್ಲಿ

ಫುಟ್‌ಬಾಲ್ ಆಟಗಾರರ ಕಾರ್ಡುಗಳ ಹೊಸ ಮಾಲಿಕೆಯೊಂದು ಪೇಟೆಗೆ ಬಂದೊಡನೆ ಸಂಗ್ರಾಹಕರ ದೃಷ್ಟಿ ಹರಿಯುವುದು ಹೊನ್ನಿನ ಬಣ್ಣದ, ಕ್ರಮಸಂಖ್ಯೆಯನ್ನು ಒತ್ತಿದ, ಆಟಗಾರನ ಹಸ್ತಾಕ್ಷರವುಳ್ಳ ವಿಶೇಷ ಪ್ರತಿಗಳ ಕಡೆಗೆ. ಅದೇ ಪೊಟ್ಟಣದಲ್ಲಿ ಬಂದ ಸಾಮಾನ್ಯ ಕಾರ್ಡುಗಳು, ಅಂದರೆ ಬಳಗದವರು ಬೇಸ್ ಕಾರ್ಡೆನ್ನುವಂಥವು, ಲೆಕ್ಕಕ್ಕೆ ಬಾರದೆ ಪೆಟ್ಟಿಗೆಯ ತಳ ಸೇರುತ್ತವೆ. ಒಂದು ಮಾಲಿಕೆಯ ಯೋಗ್ಯತೆಯನ್ನು ನಿರ್ಣಯಿಸಬೇಕೆನ್ನುವವನು ಮೊದಲು ಕೈಗೆತ್ತಿಕೊಳ್ಳಬೇಕಾದುದು ಈ ಸಾಮಾನ್ಯ ಕಾರ್ಡನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಿತ್ರ, ಚೌಕಟ್ಟು, ಅಕ್ಷರ, ತೆರವು ಇವುಗಳ ಪರಸ್ಪರ ಹೊಂದಾಣಿಕೆಯನ್ನು ವಿನ್ಯಾಸಕಾರನು ಕಲ್ಪಿಸಿಕೊಂಡದ್ದು ಇದರ ಮೇಲೆ. ಪ್ಯಾರಲಲ್‌ಗಳೆನ್ನಿಸಿಕೊಳ್ಳುವ ಬಣ್ಣಬಣ್ಣದ ಪ್ರತಿಗಳೆಲ್ಲ ಇದರ ರೂಪಾಂತರಗಳಷ್ಟೆ.

ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಎತ್ತರ: ಕಾರ್ಡಿನ ಕ್ಷೇತ್ರ ಇಷ್ಟೇ. ಇಷ್ಟರೊಳಗೆ ಓಡುವ ಮನುಷ್ಯನೊಬ್ಬನನ್ನು ಹಿಡಿದು ನಿಲ್ಲಿಸಿ, ಅವನ ಹೆಸರನ್ನೂ ತಂಡದ ಲಾಂಛನವನ್ನೂ ಕಣ್ಣಿಗೆ ಅಡ್ಡಬಾರದಂತೆ ಇರಿಸುವುದು ಸುಲಭಸಾಧ್ಯವಾದ ಕಾರ್ಯವಲ್ಲ. ನಾನು ಮೊದಲು ನೋಡುವುದು ಪಾದಗಳನ್ನು. ಕಾಲಿನಿಂದ ಆಡುವ ಆಟದ ಚಿತ್ರವನ್ನು ಸೊಂಟಕ್ಕೆ ಕತ್ತರಿಸಿ, ಚೆಂಡನ್ನು ಚೌಕಟ್ಟಿನಾಚೆಗೆ ತಳ್ಳಿ, ಮುಖವೊಂದನ್ನೇ ಹಿಗ್ಗಿಸಿ ತೋರಿಸುವ ಕಾರ್ಡುಗಳು ಬೇಕಾದಷ್ಟಿವೆ. ಅವು ಭಾವಚಿತ್ರಗಳಾಗಬಹುದು, ಆಟದ ಚಿತ್ರಗಳಾಗಲಾರವು. ಆಮೇಲೆ ಹಿನ್ನೆಲೆ. ತುಳಿದ ಹುಲ್ಲು, ಹನಿಯುವ ಮಳೆ, ಮಸುಕಾಗಿ ಕಾಣುವ ಪ್ರೇಕ್ಷಕವೃಂದ, ಅಂಚಿನಲ್ಲಿ ಇಣುಕುವ ಎದುರಾಳಿಯ ತೋಳು, ಇವೆಲ್ಲ ಆ ಕ್ಷಣದ ಸಾಕ್ಷಿಗಳು. ಇವನ್ನು ಅಳಿಸಿಹಾಕಿ ಆ ಸ್ಥಾನದಲ್ಲಿ ಕಿರಣಗಳನ್ನೂ ತ್ರಿಕೋನಗಳನ್ನೂ ತುಂಬಿದಾಗ ಆಟಗಾರನು ಯಾವ ಮೈದಾನಕ್ಕೂ ಯಾವ ದಿನಕ್ಕೂ ಸೇರದವನಾಗಿ ಶೂನ್ಯದಲ್ಲಿ ತೇಲುತ್ತಾನೆ. ಇನ್ನು ಲಾಂಛನದ ಹಕ್ಕನ್ನು ಪಡೆಯದ ತಯಾರಕರು ಅಂಗಿಯ ಎದೆಯ ಮೇಲಿನ ಮುದ್ರೆಯನ್ನೇ ಒರೆಸಿಬಿಡುವುದುಂಟು. ಅಂತಹ ಕಾರ್ಡಿಗೆ ಬೆಲೆ ಕಡಿಮೆಯಾಗುವುದು ನ್ಯಾಯವೇ ಸರಿ.

ಈಗಿನ ಕಾರ್ಡುಗಳ ಮಿರುಗಿನ ಮೂಲವನ್ನು 1993ರಷ್ಟು ಹಿಂದಕ್ಕೆ ಹೋಗಿ ನೋಡಬೇಕು. ಆ ವರ್ಷ ಅಮೆರಿಕದ ಟಾಪ್ಸ್ ಸಂಸ್ಥೆ ತನ್ನ ಫೈನೆಸ್ಟ್ ಎಂಬ ಬೇಸ್‌ಬಾಲ್ ಮಾಲಿಕೆಯಲ್ಲಿ, ಓರೆಯಾಗಿ ಹಿಡಿದರೆ ಕಾಮನಬಿಲ್ಲಿನ ವರ್ಣಗಳನ್ನು ಚೆಲ್ಲುವ ರಿಫ್ರ್ಯಾಕ್ಟರ್ ಕಾರ್ಡನ್ನು ತಂದಿತು. ಫುಟ್‌ಬಾಲಿಗೂ ಈ ಪದ್ಧತಿ ಹಬ್ಬಿ, 2014ರ ಬ್ರೆಜಿಲ್ ವಿಶ್ವಕಪ್ಪಿಗೆ ಇಟಲಿಯ ಪನೀನಿ ಸಂಸ್ಥೆ ಹೊರಡಿಸಿದ ಪ್ರಿಜ್ಮ್ ಮಾಲಿಕೆಯಿಂದ ಅದು ಜನಪ್ರಿಯವಾಯಿತು. ಈ ಮಿರುಗನ್ನು ನಾನು ಹೀಗಳೆಯುವವನಲ್ಲ. ಎರಡು ಬಣ್ಣದ ನೂಲಿನಿಂದ ನೇಯ್ದ ರೇಷ್ಮೆಯ ಸೆರಗಿನಂತೆ ಬೆಳಕಿಗೆ ತಕ್ಕ ಹಾಗೆ ತಿರುಗುವ ಆ ವರ್ಣವಿಲಾಸ, ಒಳ್ಳೆಯ ಚಿತ್ರದ ಮೇಲೆ ಹಿತಮಿತವಾಗಿ ಬಿದ್ದಾಗ, ಓಟಕ್ಕೆ ನಿಜವಾಗಿಯೂ ಚಲನೆಯನ್ನು ತಂದುಕೊಡುತ್ತದೆ. ಆದರೆ ಕೊಳ್ಳುವವನು ಕಾರ್ಡನ್ನು ದೀಪದ ಕೆಳಗೆ ಮೆಲ್ಲನೆ ಹೊರಳಿಸಿ, ಮುದ್ರಣಯಂತ್ರವು ಬಿಟ್ಟುಹೋದ ಕೂದಲೆಳೆಯಂತಹ ಗೆರೆಗಳೇನಾದರೂ ಉಂಟೋ ಎಂದು ಪರಿಶೀಲಿಸತಕ್ಕದ್ದು. ಕಾಗದಕ್ಕೂ ಮೇಲಿನ ಲೇಪನಕ್ಕೂ ತೇವವನ್ನು ಹೀರುವ ಗುಣ ಒಂದೇ ಅಲ್ಲವಾದುದರಿಂದ ಇಂತಹ ಕಾರ್ಡು ಕ್ರಮೇಣ ಬಿಲ್ಲಿನಂತೆ ಬಾಗುವುದೂ ಉಂಟು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇದನ್ನು ಬಿಡಿಯಾಗಿ ಇಡುವುದು ಅವಿವೇಕ.

ಬೆಲೆಯ ವಿಚಾರಕ್ಕೆ ಬಂದರೆ, ಐವತ್ತು ಪ್ರತಿ, ಇಪ್ಪತ್ತೈದು ಪ್ರತಿ, ಐದು ಪ್ರತಿ, ಕೊನೆಗೆ ಜಗತ್ತಿಗೆಲ್ಲ ಒಂದೇ ಪ್ರತಿ ಎಂದು ತಯಾರಕನೇ ವಿಧಿಸಿದ ಮಿತಿಯಿಂದ ಹುಟ್ಟುವ ದುರ್ಲಭತೆ ಒಂದು ಬಗೆ. ಕಾಲವು ತಾನೇ ಸವೆಸಿ ಉಳಿಸಿದ ದುರ್ಲಭತೆ ಇನ್ನೊಂದು. 1958ರಲ್ಲಿ ವಿಶ್ವಕಪ್ಪು ಸ್ವೀಡನ್ನಿನಲ್ಲಿ ನಡೆದು, ಹದಿನೇಳು ವರ್ಷದ ಪೆಲೆ ಅಂತಿಮ ಪಂದ್ಯದಲ್ಲಿ ಆ ದೇಶದ ತಂಡದ ಮೇಲೆಯೇ ಎರಡು ಗೋಲು ಹೊಡೆದನಷ್ಟೆ. ಆ ವರ್ಷ ಅಲ್ಲಿನ ಆಲಿಫಾಬೊಲಾಗೆಟ್ ಸಂಸ್ಥೆ ಹೊರತಂದ ಪೆಲೆಯ 635ನೆಯ ಸಂಖ್ಯೆಯ ಪುಟ್ಟ ಚಿತ್ರವನ್ನು ಯಾರೂ ಸಂಪತ್ತೆಂದು ಭಾವಿಸಿರಲಿಲ್ಲ. ಹುಡುಗರು ಕೈಯಾರೆ ಆಡಿ, ಅಂಟಿಸಿ, ಕಳೆದ ಮೇಲೆ ಹೇಗೋ ಉಳಿದ ನಿರ್ಮಲವಾದ ಪ್ರತಿಯೊಂದಕ್ಕೆ ಹತ್ತು ಲಕ್ಷ ಡಾಲರನ್ನು ಮೀರಿದ ಬೆಲೆ ಬಂದಿದೆ. ಲಿಯೊನೆಲ್ ಮೆಸ್ಸಿಯ ಮೊದಲ ವರ್ಷದ ಕಾರ್ಡು, ಅಂದರೆ ರೂಕಿ ಕಾರ್ಡು, ಪನೀನಿಯ 2004–05ರ ಮೆಗಾ ಕ್ರ್ಯಾಕ್ಸ್ ಮಾಲಿಕೆಯ 71ನೆಯದು, ಸ್ಪೇನಿನ ಮಕ್ಕಳಿಗೆಂದೇ ಅಚ್ಚಾದದ್ದು. ಅದರಲ್ಲಿ ಕ್ರಮಸಂಖ್ಯೆಯಿಲ್ಲ, ಹಸ್ತಾಕ್ಷರವಿಲ್ಲ. ಮರಡೋನಾನ ವಿಷಯದಲ್ಲಿಯಂತೂ ಅವನು ನೇಪಲ್ಸಿಗೆ ಕಾಲಿಡುವುದಕ್ಕೆ ವರ್ಷಗಳ ಮೊದಲೇ ಇಟಲಿಯ ಆಲ್ಬಮ್ಮಿಗಾಗಿ ಅಚ್ಚಾದ ಒಂದು ಸ್ಟಿಕ್ಕರನ್ನೇ ಸಂಗ್ರಾಹಕರು ರೂಕಿ ಕಾರ್ಡಿನ ಪೀಠದಲ್ಲಿ ಕೂರಿಸಿದ್ದಾರೆ. ಸರ್ವೋಚ್ಚ ಸ್ಥಾನವನ್ನು ಪಡೆದ ಈ ಮೂರೂ ತಮ್ಮ ಕಾಲದ ಸಾಮಾನ್ಯ ಕಾರ್ಡುಗಳೇ ಆಗಿದ್ದುವೆಂಬುದನ್ನು, ಹೊಸ ಮಾಲಿಕೆಯ ಪೊಟ್ಟಣ ಒಡೆದು ಚಿನ್ನದ ಬಣ್ಣವನ್ನೇ ಹುಡುಕುವವರು ಒಂದು ಗಳಿಗೆ ಚಿಂತಿಸಬೇಕು.

ಅಂಗಿಯ ಬಟ್ಟೆಯ ತುಣುಕನ್ನು ಕೂಡಿಸಿದ ಪ್ಯಾಚ್ ಕಾರ್ಡುಗಳ ಬಗ್ಗೆ ಒಂದೇ ಮಾತು: ಹಣ ಕೊಡುವ ಮುನ್ನ ಹಿಂಬದಿಯ ಸಣ್ಣಕ್ಷರಗಳನ್ನು ಓದಿರಿ. ಆ ಬಟ್ಟೆ ಯಾವ ನಿರ್ದಿಷ್ಟ ಪಂದ್ಯಕ್ಕೂ ಸಂಬಂಧಿಸಿದುದಲ್ಲವೆಂದು ಅಲ್ಲಿಯೇ ಒಪ್ಪಿಕೊಂಡಿರುವುದು ಎಷ್ಟೋ ಕಡೆ ಕಾಣಬರುತ್ತದೆ. ಹಸ್ತಾಕ್ಷರವೂ ಕಾರ್ಡಿನ ಮೈಮೇಲೆಯೇ ಮೂಡಿದ್ದರೆ ಶ್ರೇಷ್ಠ. ಪಾರದರ್ಶಕ ಚೀಟಿಯ ಮೇಲೆ ಹಾಕಿಸಿ ಆಮೇಲೆ ಅಂಟಿಸಿದ್ದರೆ ಆಟಗಾರನು ಆ ಕಾರ್ಡನ್ನು ಕಂಡೇ ಇರಲಾರ. ಗ್ರೇಡಿಂಗ್ ಸಂಸ್ಥೆಗಳು ನಾಲ್ಕು ಮೂಲೆ, ಅಂಚು, ಮೇಲ್ಮೈ, ಚಿತ್ರದ ಮಧ್ಯಸ್ಥಿತಿ ಇವನ್ನು ಅಳೆದು ಹತ್ತಕ್ಕೆ ಇಷ್ಟೆಂದು ಅಂಕ ಕೊಡುತ್ತವೆ. ಅದು ಕಾರ್ಡನ್ನು ಕಾಪಾಡಿದ ಬಗೆಗೆ ಸಂದ ಅಂಕ, ವಿನ್ಯಾಸದ ಗುಣದೋಷ ಅದರಲ್ಲಿ ಸೇರಿಲ್ಲ.

ಬೆನ್ನಿನ ಪುಟವನ್ನು ಮಾತ್ರ ಈಚಿನ ತಯಾರಕರಲ್ಲಿ ಅನೇಕರು ಅನಾಥವಾಗಿಸಿದ್ದಾರೆ. ಮುಂಬದಿಯ ಚಿತ್ರದಿಂದಲೇ ತಲೆಯನ್ನು ಕತ್ತರಿಸಿ ಅಲ್ಲಿ ಮತ್ತೆ ಹಾಕುವುದು, ಯಾವ ಆಟಗಾರನಿಗಾದರೂ ಸಲ್ಲುವ ಹೊಗಳಿಕೆಯ ಎರಡು ಸಾಲು ಬರೆಯುವುದು, ಉಳಿದ ಜಾಗವನ್ನೆಲ್ಲ ಹಕ್ಕುಸ್ವಾಮ್ಯದ ಒಕ್ಕಣೆಗೆ ಬಿಟ್ಟುಕೊಡುವುದು ರೂಢಿಯಾಗಿದೆ. ಹುಟ್ಟಿದ ಊರು, ಮೊದಲು ಆಡಿದ ಸಂಘ, ವರ್ಷವಾರು ಪಂದ್ಯ ಮತ್ತು ಗೋಲುಗಳ ಪಟ್ಟಿ, ಆ ಆಟಗಾರನ ಎಡಗಾಲಿನ ವಿಶೇಷವನ್ನೋ ನೆಗೆತದ ವಿಶೇಷವನ್ನೋ ತಿಳಿಸುವ ಒಂದೇ ಒಂದು ಬಲ್ಲವರ ವಾಕ್ಯ, ಇಷ್ಟು ಇದ್ದರೆ ಸಾಕು; ಎರಡು ಮಾಲಿಕೆಗಳು ಮುಂಬದಿಯಲ್ಲಿ ಸರಿಸಮವಾಗಿ ನಿಂತಾಗ ನಾನು ಹಣ ತೆರುವುದು ಬೆನ್ನ ಮೇಲೆ ಇಷ್ಟನ್ನು ಅಚ್ಚುಮಾಡಿಸಿದವರಿಗೆ.