ಪಟ್ಟಿಗೆ ಬಣ್ಣ ಬರದಿದ್ದರೆ

ಲಿವರ್ ಸಿರೋಸಿಸ್ ಆದವರ ಹೊಟ್ಟೆಯಲ್ಲಿ ತುಂಬಿದ ನೀರಿಗೆ ಸೋಂಕು ತಗುಲಿದರೆ ಹೆಚ್ಚು ಹೊತ್ತು ಕಾಯುವಂತಿಲ್ಲ. ಜ್ವರ, ಹೊಟ್ಟೆನೋವು ಬಂದೇ ಬರಬೇಕೆಂದಿಲ್ಲ. ಕೆಲವರು ಸುಮ್ಮನೆ ಮಂಕಾಗಿ ಏನೇನೋ ಬಡಬಡಿಸತೊಡಗುತ್ತಾರೆ. ಅಮೆರಿಕದ 2014ರ ಅಧ್ಯಯನವೊಂದರಲ್ಲಿ, ದಾಖಲಾದ 12 ಗಂಟೆಯೊಳಗೆ ನೀರು ತೆಗೆದು ಪರೀಕ್ಷಿಸದವರಲ್ಲಿ ಸಾವಿನ ಸಂಭವ 2.7 ಪಟ್ಟು ಹೆಚ್ಚಿತ್ತು. ‘ಹೊಟ್ಟ್ಯಾಗ ನೀರು ತುಂಬ್ಯಾವ’ ಎಂದು ಮರೋಳದಂಥ ಹಳ್ಳಿಯಿಂದ ಹೊರಟವರು ಮೊದಲು ಹುನಗುಂದ, ಆಮೇಲೆ ಬಾಗಲಕೋಟೆ ಎನ್ನುತ್ತ ಅಲೆಯುವುದರೊಳಗೆ ಆ ಗಂಟೆಗಳು ಸವೆದುಹೋಗುತ್ತವೆ.

ಮೂತ್ರ ಪರೀಕ್ಷೆಯ ಪಟ್ಟಿಯನ್ನು ಈ ನೀರಿಗೂ ಅದ್ದಿ ನೋಡುವ ಕ್ರಮ ಆಸೆ ಹುಟ್ಟಿಸಿದ್ದು ಇದಕ್ಕೇ. ಬಿಳಿ ರಕ್ತಕಣಗಳ ಎಸ್ಟರೇಸ್ ಕಿಣ್ವ ಪಟ್ಟಿಯ ಚೌಕದಲ್ಲಿನ ರಾಸಾಯನಿಕವನ್ನು ಒಡೆಯುತ್ತದೆ; ಎರಡು ನಿಮಿಷದಲ್ಲಿ ಮಾಸಲು ಬಿಳಿ ನೇರಳೆಗೆ ತಿರುಗುತ್ತದೆ. ಪ್ರಯೋಗಾಲಯ ಬೇಡ, ವಿದ್ಯುತ್ ಬೇಡ. ಆದರೆ ಹಳದಿಗಟ್ಟಿದ ನೀರಿನಲ್ಲಿ, ವಾರ್ಡಿನ ಮಂದ ಬೆಳಕಿನಲ್ಲಿ ತೆಳು ನೇರಳೆಯನ್ನು ಗುರುತಿಸುವುದು ಕಷ್ಟ.

ಅದಕ್ಕಿಂತ ದೊಡ್ಡ ತೊಡಕು ಬೇರೆ. ಪ್ರತಿ ಘನ ಮಿಲಿಮೀಟರಿಗೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ 250 ಕಂಡರೆ ಸೋಂಕೆಂದೇ ಲೆಕ್ಕ. ಮೂತ್ರಕ್ಕೆಂದು ಹದಗೊಳಿಸಿದ ಪಟ್ಟಿಗೆ ಇಷ್ಟು ಕಡಿಮೆ ಕಣಗಳು ತಾಕದೇ ಹೋಗಬಹುದು. ಫ್ರಾನ್ಸಿನಲ್ಲಿ 2,123 ಬಾರಿ ತೆಗೆದ ನೀರಿನ ಮೇಲೆ ಇದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು: ಸೋಂಕಿದ್ದ 117ರಲ್ಲಿ ಪಟ್ಟಿ ಹಿಡಿದದ್ದು ಬರೀ 53. ಉಳಿದ 64 ಸಲ ಅದು ಸೋಂಕಿಲ್ಲವೆಂದೇ ತೋರಿಸಿತು. ಸೋಂಕಿಲ್ಲದ ನೀರಿನಲ್ಲಿ ಮಾತ್ರ ಶೇ. 99ಕ್ಕೂ ಹೆಚ್ಚು ಬಾರಿ ಸರಿ ಹೇಳಿತು. ಬಣ್ಣ ಬಂದರೆ ನಂಬಿ ಔಷಧ ಶುರುಮಾಡಬಹುದು. ಬಣ್ಣ ಬರಲಿಲ್ಲವೆಂದು ರೋಗಿಯನ್ನು ಮನೆಗೆ ಕಳಿಸುವುದಕ್ಕೆ ನನ್ನ ಕಟ್ಟಾ ವಿರೋಧವಿದೆ. ಹೊಟ್ಟೆಯ ನೀರಿಗೆಂದೇ ತಯಾರಾದ ಪಟ್ಟಿಗಳೂ ಬಂದಿವೆ. ಅವು ಕಣ ಎಣಿಕೆಯ ಜಾಗವನ್ನು ಇನ್ನೂ ತುಂಬಿಲ್ಲ.

ಹಾಸಿಗೆಯ ಬಳಿಯೇ ಮಾಡಬೇಕಾದ, ಯಾರೂ ಹೊಗಳದ ಕೆಲಸವೊಂದಿದೆ: ತೆಗೆದ ನೀರನ್ನು ಅಲ್ಲೇ, ಆಗಲೇ ಬ್ಲಡ್ ಕಲ್ಚರ್ ಬಾಟಲಿಗೆ ಹಾಕುವುದು. ಸೀಸೆಯಲ್ಲಿ ಪ್ರಯೋಗಾಲಯಕ್ಕೆ ಕಳಿಸಿ ಅಲ್ಲಿ ಬೆಳೆಸುವುದಕ್ಕಿಂತ ಹೀಗೆ ಮಾಡಿದಾಗ ರೋಗಾಣು ಸಿಗುವ ಸಂಭವ ಬಹಳ ಹೆಚ್ಚು. ಇನ್ನು ಎಣಿಕೆಗೆ ಒಂದು ಮೈಕ್ರೋಸ್ಕೋಪ್, ಎಣಿಕೆಯ ಗಾಜು, ಕಲಿತ ಟೆಕ್ನಿಶಿಯನ್ ಸಾಕು. ತಾಲೂಕು ಮಟ್ಟದಲ್ಲಿ ಪಟ್ಟಿಯ ಡಬ್ಬಿಗಿಂತ ಮೊದಲು ಆ ಟೆಕ್ನಿಶಿಯನ್ ರಾತ್ರಿ ಪಾಳಿಯಲ್ಲೂ ಇರಬೇಕು.