ತಂಬೂರಿ ಸೇರದ ಮಾಧುರ್ಯ

ಮೈಸೂರಿಗೂ ಕಪಿಲೆಯ ದಂಡೆಯ ಹಳ್ಳಿ ಸುತ್ತೂರಿಗೂ ಹತ್ತಿರ ಹತ್ತಿರ ಮೂವತ್ತು ಕಿಲೋಮೀಟರ್ ದಾರಿ. ಮೈಸೂರಲ್ಲೇ ಹುಟ್ಟಿ ಬೆಳೆದ ಅಣ್ಣತಮ್ಮಂದಿರು ರಾಜನ್–ನಾಗೇಂದ್ರರ ಸಿನಿಮಾ ಸಂಗೀತ ಆ ದಾರಿ ಹಿಡಿದದ್ದು ತೀರಾ ಅಪರೂಪ ಎಂಬುದು ನನ್ನ ತಕರಾರು. ಅದಕ್ಕೂ ಮುಂಚೆ ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ.

ತಂದೆ ರಾಜಪ್ಪ ಮೂಕಿಚಿತ್ರಗಳಿಗೆ ಹಾರ್ಮೋನಿಯಂ, ಕೊಳಲು ನುಡಿಸುತ್ತಿದ್ದವರು. ಅಣ್ಣ ರಾಜನ್ ಪಿಟೀಲು ಹಿಡಿದರು, ತಮ್ಮ ನಾಗೇಂದ್ರ ಜಲತರಂಗ. 1953ರ ‘ಸೌಭಾಗ್ಯಲಕ್ಷ್ಮಿ’ಯಿಂದ ಹೊರಟ ಈ ಜೋಡಿಯ ಸುಗ್ಗಿ ಎಂದರೆ ಎಪ್ಪತ್ತರ ದಶಕ: ‘ಗಂಧದ ಗುಡಿ’, ‘ಎರಡು ಕನಸು’, ‘ಬಯಲು ದಾರಿ’, ‘ನಾ ನಿನ್ನ ಮರೆಯಲಾರೆ’. ಪಲ್ಲವಿ ಮೊದಲ ಸಲಕ್ಕೇ ಬಾಯಿಗೆ ಹತ್ತುತ್ತದೆ. ರಾಗ ಒಳಗೇ ಇರುತ್ತದೆ, ಪಾಂಡಿತ್ಯದ ಪ್ರದರ್ಶನವಿಲ್ಲ. ಪಿಟೀಲುಗಳು ಸಾಲು ಮುಗಿಯುವವರೆಗೆ ಕಾಯುತ್ತವೆ. ಮಾತಿನ ಮೇಲೆ ಬೀಳುವುದಿಲ್ಲ. ‘ಎರಡು ಕನಸು’ ಚಿತ್ರದಲ್ಲಿ ಪಿ.ಬಿ. ಶ್ರೀನಿವಾಸರ ಮೆದು ಕಂಠಕ್ಕೆ ಹೊಂದಿದ ಧಾಟಿ ಒಂದಾದರೆ, ಎರಡೇ ವರ್ಷದಲ್ಲಿ ‘ನಾ ನಿನ್ನ ಮರೆಯಲಾರೆ’ಗೆ ಸ್ವತಃ ರಾಜ್‌ಕುಮಾರ್ ಹಾಡಿದಾಗ ಬಂದದ್ದು ಬೇರೆಯೇ. ಕಂಪನಿ ನಾಟಕದಲ್ಲಿ ಪಳಗಿದ ಆ ದನಿಯನ್ನು ಅವರು ತಗ್ಗಿಸಲಿಲ್ಲ, ಅದಕ್ಕೆ ಜಾಗ ಬಿಟ್ಟರು. ಅದೇ ಕಾಲದ ಸಂಗೀತಗಾರ ವಿಜಯಭಾಸ್ಕರ್ ನಿರ್ದೇಶಕ ಪುಟ್ಟಣ್ಣನವರ ದೃಶ್ಯಕ್ಕೆ ಸಂಗೀತ ಕಟ್ಟಿದರು. ಈ ಅಣ್ಣತಮ್ಮಂದಿರು ದೃಶ್ಯ ಮರೆತರೂ ಉಳಿಯುವ ಹಾಡು ಕಟ್ಟಿದರು. (ಎಷ್ಟೋ ಸಿನಿಮಾಗಳ ಕಥೆ ನನಗೀಗ ನೆನಪಿಲ್ಲ.)

ಇನ್ನು ತಕರಾರು. ಮುಂಬೈ ಸೇರಿದ ಎಸ್.ಡಿ. ಬರ್ಮನ್ ಪೂರ್ವ ಬಂಗಾಳದ ದೋಣಿಗಾರರ ಭಟಿಯಾಲಿಯನ್ನು ಹಿಂದಿ ಹಾಡಿಗೆ ತಂದರು. ಲಕ್ನೋದ ನೌಷಾದ್ 1944ರ ‘ರತನ್’ ಹೊತ್ತಿಗೇ ಉತ್ತರ ಪ್ರದೇಶದ ಹಳ್ಳಿಯ ಧಾಟಿಯನ್ನು ದೇಶಕ್ಕೆಲ್ಲ ಹಾಡಿಸಿದ್ದರು. ನಂಜನಗೂಡು, ತಿ. ನರಸೀಪುರದ ಸೀಮೆಯಲ್ಲೇನು ಕಡಿಮೆಯಿತ್ತೆ? ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯಿಡೀ ಹಾಡುವ ನೀಲಗಾರರ ತಂಬೂರಿ, ಗಗ್ಗರ. ಮಾದಪ್ಪನ ಮಹಿಮೆ ಹಾಡುವ ಗುಡ್ಡರ ಕಂಸಾಳೆ. ಮಗ್ಗುಲಲ್ಲೇ ಇದ್ದ ಈ ನಾದ ನಮ್ಮ ಜೋಡಿಯ ವಾದ್ಯಗೋಷ್ಠಿಗೆ ಹೊರಗಿನದಾಗಿಯೇ ಉಳಿಯಿತು.

ಕಾರಣ ಅವರ ಕಿವಿಯಲ್ಲಿರಲಿಲ್ಲ. ಆಗ ಧ್ವನಿಮುದ್ರಣವೆಲ್ಲ ಮದ್ರಾಸಿನಲ್ಲಿ, ಅಲ್ಲಿನ ವಾದ್ಯಗಾರರ ಜೊತೆ. ಚಿತ್ರಗಳೋ, ಮಧ್ಯಮವರ್ಗ ಓದುತ್ತಿದ್ದ ಕಾದಂಬರಿಗಳಿಂದ ಬಂದವು: ವಾಣಿಯವರ ‘ಎರಡು ಕನಸು’, ಭಾರತೀಸುತರ ‘ಬಯಲು ದಾರಿ’, ಉಷಾ ನವರತ್ನರಾಂ ಅವರ ‘ಹೊಂಬಿಸಿಲು’. ಆ ನಡುಮನೆಗಳಲ್ಲಿ ನೀಲಗಾರ ಎಲ್ಲಿ ಕೂರಬೇಕು?

ಕಿವಿ ಇತ್ತು ಎನ್ನಲು ಸಾಕ್ಷಿ 1978ರ ‘ಪರಸಂಗದ ಗೆಂಡೆತಿಮ್ಮ’. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯ ಹಳ್ಳಿ, ದೊಡ್ಡರಂಗೇಗೌಡರ ಮಾತು ಸಿಕ್ಕಿದ್ದೇ ತಡ, ಲಯ ನೆಲಕ್ಕಿಳಿಯಿತು, ಎಸ್ಪಿಬಿಯ ಕಂಠವೂ ಹಳ್ಳಿಯದಾಯಿತು. ಅದು ಒಂದು ಪರಂಪರೆಯ ಶುರುವಾಗಬಹುದಿತ್ತು. ಆಗಲಿಲ್ಲ. ಮಾದಪ್ಪನ ಪದ ಸಿನಿಮಾದಲ್ಲಿ ನಾಡಿಗೆಲ್ಲ ಕೇಳಿಸಲು 1996ರ ‘ಜನುಮದ ಜೋಡಿ’, ಅದರ ಸಂಗೀತಗಾರ ವಿ. ಮನೋಹರ್ ಬರಬೇಕಾಯಿತು.

ರಾಜನ್–ನಾಗೇಂದ್ರರದು ಅಪ್ಪಟ ಮೈಸೂರು ಶೈಲಿ ಎಂದು ಹೊಗಳುವವರು ಇದಕ್ಕೆ ಉತ್ತರ ಹೇಳಬೇಕು. ಪಿಟೀಲು, ರಂಗಗೀತೆ, ಸುಗಮ ಸಂಗೀತದ ಮೈಸೂರು ಅವರ ಹಾಡಿನಲ್ಲಿ ಪೂರ್ತಿ ಇದೆ. ಅದು ಸುಳ್ಳು ಮೈಸೂರೂ ಅಲ್ಲ. ಆದರೆ ಅದು ಊರಿನ ಎಲ್ಲೆಗೇ ಮುಗಿಯುತ್ತದೆ, ಜಿಲ್ಲೆ ಅದರಾಚೆಗೂ ಇದೆ.